ಬಾವಿಗೆ ದುಡ್ಡು ಬರುತ್ತದೆ, ವಾಷರಿಗೆ ಬರುವುದಿಲ್ಲ

ಆಫ್ರಿಕಾದ ಹಳ್ಳಿಗಳಲ್ಲಿ ಬಹಳ ಕಡೆ ಕಾಣಸಿಗುವ ಒಂದು ಕೈಪಂಪಿನ ಹೆಸರು ಆಫ್ರಿಡೆವ್. 1980ರ ದಶಕದಲ್ಲಿ ಮಲಾವಿ ಮತ್ತು ಕೀನ್ಯಾ ದೇಶಗಳಲ್ಲಿ ಪ್ರಯೋಗ ಮಾಡುತ್ತಲೇ ಇದನ್ನು ರೂಪಿಸಿದರು. ಊರಿನವರೇ ರಿಪೇರಿ ಮಾಡಿಕೊಳ್ಳುವಂತಿರಬೇಕು ಎಂಬುದು ಮೊದಲಿನಿಂದಲೂ ಅವರ ಗುರಿ. ಒಂದೇ ಸ್ಪ್ಯಾನರಿನಲ್ಲಿ ಇದರ ತಲೆ ಬಿಚ್ಚಬಹುದು. ಒಳಗಿನ ಸರಳುಗಳನ್ನು ಒಂದೊಂದಾಗಿ ಮೇಲೆಳೆದರೆ ತುದಿಯಲ್ಲಿ ಪಿಸ್ಟನ್ನು, ಅದರ ಸುತ್ತ ಒಂದು ರಬ್ಬರ್ ವಾಷರ್. ನೀರನ್ನು ಮೇಲೆತ್ತುವ ಕೆಲಸದಲ್ಲಿ ಬೇಗ ಸವೆಯುವುದು ಆ ವಾಷರೇ. ವರ್ಷಕ್ಕೊಮ್ಮೆ ಬದಲಿಸಿದರೆ ಪಂಪು ಚೆನ್ನಾಗಿ ನಡೆಯುತ್ತದೆ. ಬದಲಿಸದಿದ್ದರೆ ಏನಾಗುತ್ತದೆ ಎಂಬುದು ಪಂಪು ಒತ್ತುವ ಹೆಂಗಸರ ತೋಳಿಗೆ ಮೊದಲು ತಿಳಿಯುತ್ತದೆ. ಎರಡು ಸಲ ಒತ್ತಿದರೆ ಬರುತ್ತಿದ್ದ ನೀರಿಗೆ ಹತ್ತು ಸಲ ಒತ್ತಬೇಕು, ಆಮೇಲೆ ಇಪ್ಪತ್ತು ಸಲ. 20 ಲೀಟರಿನ ಹಳದಿ ಕ್ಯಾನು ತುಂಬುವಷ್ಟರಲ್ಲಿ ಹಿಂದೆ ಸಾಲು ಬೆಳೆದಿರುತ್ತದೆ. ಕೊನೆಗೊಂದು ದಿನ ಹಿಡಿ ಆಡುತ್ತದೆ, ನೀರು ಬರುವುದಿಲ್ಲ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಆ ವಾಷರಿನ ಬೆಲೆ ಕೊಳವೆ ಬಾವಿ ಕೊರೆಸಿದ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವಂಥದ್ದಲ್ಲ. ಆದರೆ ಅದು ಸಿಗುವ ಅಂಗಡಿ ದೂರದ ಪಟ್ಟಣದಲ್ಲಿರುತ್ತದೆ. ಹೋಗಿ ತರುವವರು ಯಾರು, ಹಣ ಯಾರ ಬಳಿ ಇದೆ, ಬಿಚ್ಚಿ ಹಾಕಲು ಗೊತ್ತಿರುವವರು ಊರಲ್ಲಿ ಇನ್ನೂ ಇದ್ದಾರೆಯೇ ಎಂಬುದೆಲ್ಲ ಬಗೆಹರಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಹೀಗೆ ನಿಂತುಹೋದ ಪಂಪುಗಳು ಎಷ್ಟು ಎಂಬ ಲೆಕ್ಕವನ್ನು ಗ್ರಾಮೀಣ ನೀರು ಪೂರೈಕೆಯ ತಜ್ಞರ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ಒಟ್ಟುಗೂಡಿಸಿತು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ 20 ದೇಶಗಳ ಅಂಕಿಗಳನ್ನು ಸೇರಿಸಿ ನೋಡಿದಾಗ ನೂರಕ್ಕೆ 36 ಕೈಪಂಪುಗಳು ಕೆಲಸ ಮಾಡುತ್ತಿರಲಿಲ್ಲ. ನಂತರದ ಅಂದಾಜುಗಳು ಸ್ವಲ್ಪ ಸುಧಾರಣೆ ತೋರಿಸಿದರೂ ನಾಲ್ಕರಲ್ಲಿ ಒಂದು ಪಂಪು ಈಗಲೂ ಕೆಟ್ಟು ನಿಂತಿದೆ ಎಂದೇ ಹೇಳುತ್ತವೆ. ಕೆಲಸ ಮಾಡುತ್ತಿದೆ ಎಂದು ಎಣಿಸಿದ ಪಂಪುಗಳಲ್ಲೂ ಎಷ್ಟೋ ಪಂಪುಗಳು ಬೇಸಿಗೆಯಲ್ಲಿ ಬತ್ತುತ್ತವೆ, ಎಷ್ಟೋ ಪಂಪುಗಳು ವರ್ಷದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಸುಮ್ಮನೆ ನಿಂತಿರುತ್ತವೆ. ಈ ಪಂಪುಗಳಲ್ಲಿ ಹೆಚ್ಚಿನವು ಯಾರದೋ ದೇಣಿಗೆಯಿಂದ, ಯಾವುದೋ ದೇಶದ ನೆರವಿನಿಂದ ಬಂದವು. ಎರಡು ದಶಕಗಳಲ್ಲಿ ಹೀಗೆ ವ್ಯರ್ಥವಾದ ಬಂಡವಾಳ 120 ಕೋಟಿ ಡಾಲರಿಗೂ ಹೆಚ್ಚು ಎಂಬುದು ಅದೇ ಜಾಲದ ಅಂದಾಜು.

ಇಷ್ಟು ಹೇಳಿದೊಡನೆ ಭ್ರಷ್ಟಾಚಾರ, ಊರಿನವರ ಸೋಮಾರಿತನ, ಅಸಮರ್ಥ ಸರ್ಕಾರ ಎಂಬ ಸಿದ್ಧ ಕಾರಣಗಳು ಮುಂದೆ ಬರುತ್ತವೆ. ಅವುಗಳಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಹೆಚ್ಚಾಗಿ ನೋಡದೆ ಬಿಟ್ಟಿರುವ ಕಾರಣ ಇನ್ನೊಂದಿದೆ ಎಂಬುದು ನನ್ನ ವಾದ: ಹಣ ಕೂಡಿಸುವ ಕ್ರಮ. ಯಾವುದರ ಹೆಸರಿನಲ್ಲಿ ಹಣ ಕೇಳುತ್ತೇವೋ ಅದೇ ಕಟ್ಟಲ್ಪಡುತ್ತದೆ. ಬಾವಿಯ ಹೆಸರಿನಲ್ಲಿ ಕೇಳಿದರೆ ಬಾವಿ ಬರುತ್ತದೆ. ಹತ್ತು ವರ್ಷ ಪ್ರತಿದಿನ ನೀರು ಬರಬೇಕಾದರೆ ಹತ್ತು ವರ್ಷದ ನೀರಿನ ಹೆಸರಿನಲ್ಲೇ ಕೇಳಬೇಕು, ಕೊಡುವವರೂ ಅದಕ್ಕೇ ಕೊಡಬೇಕು.

ಅಗತ್ಯ ಎಷ್ಟು ದೊಡ್ಡದು ಎಂಬುದರ ಬಗ್ಗೆ ಸಂಶಯ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜತೆಯಾಗಿ ಇಡುವ ಲೆಕ್ಕದ ಪ್ರಕಾರ 2022ರಲ್ಲಿ ಹೋಗಿ ಬರಲು ಅರ್ಧ ಗಂಟೆಯೊಳಗೆ ಸುಮಾರಾದ ನೀರು ಕೂಡ ಸಿಗದವರು ಜಗತ್ತಿನಲ್ಲಿ 70 ಕೋಟಿ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿದ್ದಾರೆ. ಆ ಪ್ರದೇಶದ 24 ದೇಶಗಳ ಅಂಕಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅರ್ಧ ಗಂಟೆಗೂ ಮೀರಿದ ದಾರಿ ನಡೆದು ನೀರು ಹೊರುವ ಹೊಣೆ ಒಂದು ಕೋಟಿ 35 ಲಕ್ಷ ಹೆಂಗಸರ ಮೇಲೆ, 33 ಲಕ್ಷಕ್ಕೂ ಹೆಚ್ಚು ಮಕ್ಕಳ ಮೇಲೆ ಇದೆ. ಆ ಮಕ್ಕಳಲ್ಲಿ ಹುಡುಗಿಯರೇ ಹೆಚ್ಚು. ಇದನ್ನು ಕೇಳಿ ಮನಸ್ಸು ಕರಗಿ ಯಾರಾದರೂ ಹಣ ಕೊಟ್ಟರೆ ಅದು ಮನುಷ್ಯರು ಮಾಡಬೇಕಾದ ಕೆಲಸವೇ. ಕೊಡುವವರ ಮನಸ್ಸಿನ ಬಗ್ಗೆ ಈ ಲೇಖನದಲ್ಲಿ ಒಂದು ಕೊಂಕು ಮಾತೂ ಇಲ್ಲ.

ಹಣ ಕೂಡಿಸುವವರ ಇತಿಹಾಸವೂ ಹೃದಯ ತಟ್ಟುವಂಥದ್ದೇ. ಕೆನಡಾದ ಆರು ವರ್ಷದ ಹುಡುಗ ರಯಾನ್ ಹ್ರೆಲ್ಯಾಕ್ 1998ರಲ್ಲಿ ಶಾಲೆಯಲ್ಲಿ 70 ಡಾಲರಿಗೆ ಆಫ್ರಿಕಾದಲ್ಲೊಂದು ಬಾವಿ ಆಗುತ್ತದೆ ಎಂದು ಕೇಳಿಸಿಕೊಂಡ. ಮನೆಗೆಲಸ ಮಾಡಿ ಆ ಹಣ ಕೂಡಿಸಿದ. ಒಯ್ದು ಕೊಟ್ಟಾಗ, ಅಷ್ಟಕ್ಕೆ ಬರುವುದು ಕೈಪಂಪು ಮಾತ್ರ, ಕೊರೆಸಲು 2,000 ಡಾಲರ್ ಬೇಕು ಎಂಬ ಉತ್ತರ ಸಿಕ್ಕಿತು. ಹುಡುಗ ಬಿಡಲಿಲ್ಲ. ಮರುವರ್ಷ ಉತ್ತರ ಉಗಾಂಡದ ಅಂಗೋಲೊ ಎಂಬ ಊರಿನ ಪ್ರಾಥಮಿಕ ಶಾಲೆಯ ಬಳಿ ಬಾವಿ ಆಯಿತು, ಮುಂದೆ ಅವನ ಹೆಸರಿನಲ್ಲೇ ಒಂದು ಸಂಸ್ಥೆಯೂ ಆಯಿತು. 2006ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕಾಟ್ ಹ್ಯಾರಿಸನ್ ಶುರು ಮಾಡಿದ ಚಾರಿಟಿ ವಾಟರ್ ಸಂಸ್ಥೆ ಈ ಕೆಲಸವನ್ನು ಬೇರೆಯೇ ಮಟ್ಟಕ್ಕೆ ಒಯ್ದಿತು. ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ, ಅದರ ಬದಲು ನೀರಿಗೆ ಹಣ ಕೊಡಿ ಎಂದು ಗೆಳೆಯರನ್ನು ಕೇಳುವ ಪದ್ಧತಿಯನ್ನು ಅದು ಜನಪ್ರಿಯಗೊಳಿಸಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹುಡುಗಿಯೊಬ್ಬಳು ತನ್ನ 9ನೇ ಹುಟ್ಟುಹಬ್ಬಕ್ಕೆ ಹೀಗೆ 300 ಡಾಲರ್ ಕೂಡಿಸಲು ಹೊರಟು, ಸ್ವಲ್ಪ ಕಡಿಮೆ ಬಿದ್ದು, ಕೆಲವೇ ವಾರಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. 2011ರ ಆ ಬೇಸಿಗೆಯಲ್ಲಿ ಗುರುತು ಪರಿಚಯ ಇಲ್ಲದ ಸಾವಿರಾರು ಜನ ಅವಳ ಹೆಸರಿಗೆ 12 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟರು. ಅದು ಇಥಿಯೋಪಿಯಾದ ಟಿಗ್ರೆ ಪ್ರಾಂತ್ಯದ ಹಳ್ಳಿಗಳ ನೀರಿಗೆ ಹೋಯಿತು. ಇತ್ತೀಚೆಗೆ, 2023ರ ನವೆಂಬರಿನಲ್ಲಿ, ಯೂಟ್ಯೂಬಿನ ಮಿಸ್ಟರ್ ಬೀಸ್ಟ್ ಕೀನ್ಯಾ, ಉಗಾಂಡ, ಜಿಂಬಾಬ್ವೆ, ಸೊಮಾಲಿಯಾ, ಕ್ಯಾಮರೂನ್ ದೇಶಗಳಲ್ಲಿ ತಾನು ಕೊರೆಸಿದ ನೂರು ಬಾವಿಗಳ ವಿಡಿಯೊ ಹಾಕಿದಾಗ ನಮ್ಮ ಊರುಗಳ ಹುಡುಗರೂ ಅದನ್ನು ನೋಡಿದರು.

ಈ ಎಲ್ಲ ಪ್ರಯತ್ನಗಳಿಗೂ ಒಂದು ಸಮಾನ ಅಂಶವಿದೆ. ದಾನದ ಅಳತೆಗೋಲು ಬಾವಿ. ಬಾವಿಗೆ ಒಂದು ಬೆಲೆ ಇದೆ, ಅದು ಮುಗಿಯುವ ದಿನ ಗೊತ್ತಿದೆ, ಮುಗಿದ ದಿನ ಮೊದಲ ನೀರಿನ ಕೆಳಗೆ ಮಕ್ಕಳು ಕುಣಿಯುವ ಚಿತ್ರ ಸಿಗುತ್ತದೆ, ಸಿಮೆಂಟು ಕಟ್ಟೆಯ ಮೇಲೆ ದಾನಿಯ ಹೆಸರು ಬರೆಸಬಹುದು. ಕೊಟ್ಟವರಿಗೆ ತಮ್ಮ ಹಣ ಎಲ್ಲಿ ಹೋಯಿತು ಎಂದು ಕಣ್ಣಾರೆ ಕಾಣುತ್ತದೆ. ಆದರೆ ಆ ಚಿತ್ರ ತೆಗೆದ ದಿನ ಊರಿನವರ ಪಾಲಿಗೆ ಮೊದಲ ದಿನ. ಅಲ್ಲಿಂದ ಮುಂದಿನ ಮೂರು ಸಾವಿರ ದಿನಗಳ ಬಗ್ಗೆ ದಾನದ ಕರಪತ್ರದಲ್ಲಿ ಏನೂ ಇರುವುದಿಲ್ಲ.

ಹಣ ಕೂಡಿಸಲು ಚೆನ್ನಾಗಿ ಒಪ್ಪುವ ವಸ್ತು ಊರಿಗೆ ಒಪ್ಪದೆ ಹೋದ ಪ್ರಸಂಗವೆಂದರೆ ಪ್ಲೇಪಂಪ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯಂತ್ರದ ಕಲ್ಪನೆ ಕೇಳಿದ ಕೂಡಲೇ ಇಷ್ಟವಾಗುವಂಥದ್ದು. ಮಕ್ಕಳು ಕುಳಿತು ತಿರುಗುವ ಗಿರಗಿಟ್ಲೆಯನ್ನು ಕೊಳವೆ ಬಾವಿಯ ಮೇಲೆ ಕೂರಿಸುವುದು. ಅವರು ಆಡುತ್ತ ತಿರುಗಿಸಿದಂತೆ ನೀರು ಮೇಲೇರಿ ಏಳು ಮೀಟರ್ ಎತ್ತರದ ಟ್ಯಾಂಕಿಗೆ ಬೀಳುತ್ತದೆ, ಕೆಳಗೆ ನಲ್ಲಿ ತಿರುಗಿಸಿದರೆ ಹೆಂಗಸರಿಗೆ ನೀರು. ಟ್ಯಾಂಕಿನ ನಾಲ್ಕು ಬದಿಗೆ ಜಾಹೀರಾತು ಫಲಕ, ಅದರ ಬಾಡಿಗೆಯಲ್ಲಿ ರಿಪೇರಿ. 2000ದಲ್ಲಿ ವಿಶ್ವಬ್ಯಾಂಕ್ ಇದಕ್ಕೆ ಪ್ರಶಸ್ತಿ ಕೊಟ್ಟಿತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ಒಂದು ಕೋಟಿ 64 ಲಕ್ಷ ಡಾಲರಿನ ನೆರವನ್ನು ಘೋಷಿಸಿದರು. 2010ರೊಳಗೆ ಹತ್ತು ದೇಶಗಳಲ್ಲಿ 4,000 ಪಂಪುಗಳು ಎಂಬ ಗುರಿ. ಒಂದೊಂದಕ್ಕೂ ಸುಮಾರು 14,000 ಡಾಲರ್. ಅಷ್ಟು ಹಣಕ್ಕೆ ಸಾಮಾನ್ಯ ಕೈಪಂಪಿನ ನಾಲ್ಕು ಬಾವಿಗಳಾಗುತ್ತಿದ್ದವು ಎಂದು ವಾಟರ್‌ಏಡ್ ಎಂಬ ನೆರವು ಸಂಸ್ಥೆ ಎಚ್ಚರಿಸಿತು. ಪಂಪು ಹೇಳಿಕೊಂಡಷ್ಟು ಜನಕ್ಕೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಮೋಟರಿನ ಬದಲು ಮಕ್ಕಳ ಆಟವನ್ನು ನಂಬಿದ್ದರ ಪರಿಣಾಮ ಊರುಗಳಲ್ಲಿ ಬೇಗನೆ ಗೊತ್ತಾಯಿತು. ಮೊದಲ ವಾರದ ಉತ್ಸಾಹ ಇಳಿದ ಮೇಲೆ ಮಕ್ಕಳು ಬರಲಿಲ್ಲ. ಬೆಳಗಿನ ಜಾವ ನೀರು ಬೇಕಾದ ಹೆಂಗಸರು, ಮುದುಕಿಯರು ಬಾಗಿ ಆ ಭಾರದ ಚಕ್ರವನ್ನು ಕೈಯಿಂದ ತಳ್ಳಬೇಕಾಯಿತು. ದೂರದ ಹಳ್ಳಿಯ ಟ್ಯಾಂಕಿನ ಮೇಲೆ ಜಾಹೀರಾತು ಹಾಕಲು ಯಾವ ಕಂಪನಿಯೂ ಬರಲಿಲ್ಲ. ಕೆಟ್ಟರೆ ಕರೆಯಬೇಕಾದ ತಂಡ ಬೇರೆ ಊರಿನಲ್ಲಿತ್ತು. ಎಷ್ಟೋ ಕಡೆ ಚೆನ್ನಾಗಿ ನಡೆಯುತ್ತಿದ್ದ ಹಳೆಯ ಕೈಪಂಪನ್ನು ಕಿತ್ತು ಅದೇ ಬಾವಿಯ ಮೇಲೆ ಇದನ್ನು ಕೂರಿಸಿದ್ದರು, ಆದ್ದರಿಂದ ಹಿಂತಿರುಗಿ ಹೋಗುವ ದಾರಿಯೂ ಇರಲಿಲ್ಲ. ಈ ಯೋಜನೆಗೆ ದೊಡ್ಡ ಹಣ ಕೊಟ್ಟ ಕೇಸ್ ಫೌಂಡೇಶನ್ನಿನ ಜೀನ್ ಕೇಸ್ 2010ರಲ್ಲಿ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ಅದು ದೊಡ್ಡತನ. ಹಣದ ಮಟ್ಟಿಗೆ ಹೇಳುವುದಾದರೆ, ಪ್ಲೇಪಂಪ್ ಬಹಳ ಯಶಸ್ವಿಯಾದ ಯೋಜನೆ. ದಾನಿ ನೋಡಲು ಬಯಸುವ ನಗುವ ಮಕ್ಕಳ ಚಿತ್ರವನ್ನು ಅದು ಯಂತ್ರದೊಳಗೇ ಜೋಡಿಸಿಟ್ಟಿತ್ತು.

ಸಾಮಾನ್ಯ ಕೈಪಂಪಿನ ಕತೆ ಇಷ್ಟು ನಾಟಕೀಯವಲ್ಲ, ಆದರೆ ಮೂಲದ ದೋಷ ಒಂದೇ. ಐಆರ್‌ಸಿ ಎಂಬ ನೆದರ್ಲೆಂಡ್ಸ್ ಸಂಸ್ಥೆ 2008ರಿಂದ ಐದು ವರ್ಷ ಘಾನಾ, ಬುರ್ಕಿನಾ ಫಾಸೊ, ಮೊಜಾಂಬಿಕ್ ಮತ್ತು ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ನೀರಿನ ನಿಜವಾದ ಖರ್ಚನ್ನು ಅಳೆಯಿತು. ಆಗಿನ ಬೆಲೆಯಲ್ಲಿ ಕೈಪಂಪಿನ ಕೊಳವೆ ಬಾವಿ ಹಾಕಲು ತಲೆಗೆ 20ರಿಂದ 61 ಡಾಲರ್ ಬೇಕಿತ್ತು. ಅದನ್ನು ಒಳ್ಳೆಯ ಸ್ಥಿತಿಯಲ್ಲಿ ನಡೆಸಿಕೊಂಡು ಹೋಗಲು, ಅಂದರೆ ಚಿಲ್ಲರೆ ರಿಪೇರಿ, ದೊಡ್ಡ ರಿಪೇರಿ, ಮೇಲ್ವಿಚಾರಣೆ ಎಲ್ಲ ಸೇರಿ ತಲೆಗೆ ವರ್ಷಕ್ಕೆ 3ರಿಂದ 6 ಡಾಲರ್ ಬೇಕಿತ್ತು. ಒಂದು ಪಂಪನ್ನು 300 ಜನ ಬಳಸುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಕನಿಷ್ಠ 900 ಡಾಲರ್, ಹತ್ತು ವರ್ಷಕ್ಕೆ 9,000. ಬಾವಿ ಹಾಕಿಸಿದ ಖರ್ಚಿಗೆ ಹೋಲಿಸಬಹುದಾದ ಇನ್ನೊಂದು ಮೊತ್ತ. ದಾನದ ಪ್ರಚಾರದಲ್ಲಿ ಹೇಳುವ ಬೆಲೆ ಈ ಎರಡರಲ್ಲಿ ಮೊದಲನೆಯದು ಮಾತ್ರ. ಎರಡನೆಯದನ್ನು ಯಾರು ಹೊರಬೇಕು ಎಂದು ಕೇಳಿದರೆ ನಲವತ್ತು ವರ್ಷಗಳಿಂದ ಸಿಗುತ್ತಿರುವ ಉತ್ತರ: ಊರಿನ ನೀರು ಸಮಿತಿ.

ವಿಶ್ವಸಂಸ್ಥೆ 1981ರಿಂದ 1990ರವರೆಗೆ ಕುಡಿಯುವ ನೀರಿನ ದಶಕವನ್ನು ಆಚರಿಸಿತು. ಆ ಕಾಲದಲ್ಲಿ ಬಲಗೊಂಡ ನಂಬಿಕೆ ಇದು. ಊರಿನವರು ಸಮಿತಿ ಮಾಡಿಕೊಂಡು, ಮನೆಗಿಷ್ಟು ಎಂದು ವಂತಿಗೆ ಎತ್ತಿ, ತಮ್ಮ ಪಂಪನ್ನು ತಾವೇ ನೋಡಿಕೊಂಡರೆ ಅದು ತಮ್ಮದೆಂಬ ಭಾವನೆ ಬೆಳೆಯುತ್ತದೆ. ಕೇಳಲು ಗೌರವದ ಮಾತು. ಆದರೆ ಒಂದು ಪಂಪು, 50 ಮನೆ, ಸುಗ್ಗಿಯಲ್ಲಿ ಮಾತ್ರ ಕೈಗೆ ಹಣ ಬರುವ ಊರು, ಹತ್ತಿರ ಬ್ಯಾಂಕಿಲ್ಲ, ಬಿಡಿಭಾಗದ ಅಂಗಡಿಗೆ ಒಂದು ದಿನದ ಪ್ರಯಾಣ. ಪಂಪು ಚೆನ್ನಾಗಿ ನಡೆಯುವಾಗ ಯಾರೂ ವಂತಿಗೆ ಕೊಡಲು ಆತುರಪಡುವುದಿಲ್ಲ, ಕೆಟ್ಟಾಗ ಎಲ್ಲರಿಂದಲೂ ಒಮ್ಮೆಗೇ ಕೇಳಬೇಕು. ತರಬೇತಿ ಪಡೆದ ಯುವಕ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿರುತ್ತಾನೆ. ಒಬ್ಬೊಬ್ಬ ಮೆಕ್ಯಾನಿಕ್ಕಿಗೆ ಬದುಕು ಸಾಗಬೇಕಾದರೆ ಹತ್ತಾರು ಪಂಪುಗಳು ಬೇಕು, ಒಂದು ಊರಿನ ಒಂದು ಪಂಪು ಅವನನ್ನು ಸಾಕಲಾರದು. ಬೆಂಗಳೂರಿನ ಯಾವ ಬಡಾವಣೆಗೂ ಕಾವೇರಿ ನೀರಿನ ಪೈಪು ಒಡೆದರೆ ನೀವೇ ಸಮಿತಿ ಮಾಡಿಕೊಂಡು ಸರಿಮಾಡಿಕೊಳ್ಳಿ ಎಂದು ಜಲಮಂಡಳಿ ಹೇಳುವುದಿಲ್ಲ. ಅತ್ಯಂತ ಬಡವರಿಗೆ ಮಾತ್ರ ಈ ಸ್ವಾವಲಂಬನೆಯ ಪಾಠ ಹೇಳುವುದು ನ್ಯಾಯವಲ್ಲ.

ಕೆಲವು ತೊಂದರೆಗಳು ಊರಿನವರ ಕೈ ಮೀರಿದವು, ಪಂಪಿನ ಜತೆಗೇ ಬಂದವು. ಇಲ್ಲಿ ಭಾರತದ ಸಂಬಂಧ ಬರುತ್ತದೆ. ಸೊಲ್ಲಾಪುರದಲ್ಲಿ ಬಳಕೆಗೆ ಬಂದಿದ್ದ ಗಟ್ಟಿಮುಟ್ಟು ಪಂಪೊಂದನ್ನು ಆಧರಿಸಿ ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗಿ, ಕೊಯಮತ್ತೂರಿನ ಸುತ್ತ ಪರೀಕ್ಷೆಗೊಳಗಾದ ಇಂಡಿಯಾ ಮಾರ್ಕ್ 2 ಪಂಪು ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಬರಗಾಲದ ವರ್ಷಗಳನ್ನು ದಾಟಿಸಿದೆ. ಅದೇ ಪಂಪು ಆಫ್ರಿಕಾಕ್ಕೂ ಹೋಗಿ ಇವತ್ತು ಅಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ಅಲ್ಲಿಯ ಹಲವು ಪ್ರದೇಶಗಳ ಅಂತರ್ಜಲ ಹುಳಿ ಗುಣದ್ದು. ಪಿಎಚ್ 6.5ಕ್ಕಿಂತ ಕೆಳಗಿರುವ ನೀರಿನಲ್ಲಿ ಸತುವು ಲೇಪಿಸಿದ ಕಬ್ಬಿಣದ ಪೈಪು ಬೇಗ ತುಕ್ಕು ಹಿಡಿಯುತ್ತದೆ. ನೀರು ಕೆಂಪಗಾಗುತ್ತದೆ, ಬಟ್ಟೆಗೆ ಕಲೆ, ಅಡುಗೆಗೆ ಕಬ್ಬಿಣದ ವಾಸನೆ. ಆಮೇಲೆ ಪೈಪೇ ತುಂಡಾಗಿ ಬಾವಿಯೊಳಗೆ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಪೈಪು ಹಾಕಿದ್ದರೆ ಹೀಗಾಗುತ್ತಿರಲಿಲ್ಲ, ಆದರೆ ಅದು ದುಬಾರಿ. ಒಂದೇ ಮೊತ್ತದಲ್ಲಿ ಹೆಚ್ಚು ಬಾವಿಗಳ ಸಂಖ್ಯೆ ತೋರಿಸಬೇಕಾದ ಸಂಸ್ಥೆಗೆ ಅಗ್ಗದ ಪೈಪೇ ಅನುಕೂಲ. ಫ್ಲೋರೈಡಿನದೂ ಇಂಥದೇ ಸಮಸ್ಯೆ. ಇಥಿಯೋಪಿಯಾದಿಂದ ಟಾಂಜಾನಿಯಾವರೆಗೆ ಹಬ್ಬಿದ ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕೋಲಾರ, ಪಾವಗಡಗಳ ಮಕ್ಕಳ ಹಲ್ಲು ನೋಡಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕೊರೆಯುವ ಮುಂಚೆ ಮತ್ತು ಆಮೇಲೆ ನೀರಿನ ಪರೀಕ್ಷೆಗೆ ಹಣ ಬೇಕು, ಆ ಹಣದ ಚಿತ್ರ ತೆಗೆಯಲು ಬರುವುದಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದು ನಡೆದು ತೋರಿಸಿಯೂ ಆಗಿದೆ. ಕೀನ್ಯಾದ ಕಿಟುಯಿ ಕೌಂಟಿಯ ಕ್ಯುಸೊ ಒಣ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದ ಆರಂಭದಲ್ಲಿ ಒಂದು ಪ್ರಯೋಗ ಮಾಡಿದರು. ಪಂಪಿನ ಹಿಡಿಯೊಳಗೆ ಚಿಕ್ಕ ಸಾಧನವೊಂದನ್ನು ಇಟ್ಟರು. ಹಿಡಿ ಎಷ್ಟು ಸಲ ಏರಿಳಿಯಿತು ಎಂಬುದನ್ನು ಅದು ಮೊಬೈಲ್ ಜಾಲದ ಮೂಲಕ ಸಂದೇಶವಾಗಿ ಕಳಿಸುತ್ತದೆ. ಒಂದು ಪಂಪು ಸುಮ್ಮನಾದರೆ ಕಚೇರಿಯಲ್ಲಿ ಕೂಡಲೇ ಗೊತ್ತಾಗುತ್ತದೆ, ಮೆಕ್ಯಾನಿಕ್ ಬಿಡಿಭಾಗ ಹಿಡಿದು ಬೈಕಿನಲ್ಲಿ ಹೊರಡುತ್ತಾನೆ. ಮುಂಚೆ ಕೆಟ್ಟ ಪಂಪು ಸರಿಯಾಗಲು ಸರಾಸರಿ 27 ದಿನ ಹಿಡಿಯುತ್ತಿತ್ತು, ಈ ವ್ಯವಸ್ಥೆಯಲ್ಲಿ ಮೂರು ದಿನಕ್ಕೂ ಕಡಿಮೆ. ಇದೇ ಮುಂದೆ ಫಂಡಿಫಿಕ್ಸ್ ಎಂಬ ಸ್ಥಳೀಯ ಕಂಪನಿಯಾಯಿತು. ಊರುಗಳು ಅದಕ್ಕೆ ಶುಲ್ಕ ಕೊಡುತ್ತವೆ, ಕಡಿಮೆ ಬೀಳುವ ಭಾಗವನ್ನು ನಿರ್ವಹಣೆಗೆಂದೇ ಮಾಡಿದ ನಿಧಿಯೊಂದು ತುಂಬುತ್ತದೆ. ಉಗಾಂಡದಲ್ಲಿ ವೇವ್, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ವಾಟರ್ ಫಾರ್ ಗುಡ್ ಇದೇ ಬಗೆಯ ಕೆಲಸ ಮಾಡುತ್ತಿವೆ: ನೂರಾರು ಪಂಪುಗಳನ್ನು ಒಟ್ಟಿಗೆ ಗುತ್ತಿಗೆ ಹಿಡಿದು, ಕೆಡುವ ಮುಂಚೆಯೇ ವಾಷರ್ ಬದಲಿಸಿ, ಸಂಬಳದ ಮೆಕ್ಯಾನಿಕ್ಕುಗಳನ್ನು ಇಟ್ಟುಕೊಂಡು. 2020ರಿಂದೀಚೆಗೆ ಅಪ್‌ಟೈಮ್ ಎಂಬ ಸಂಸ್ಥೆ ಇಂಥ ಸೇವಾದಾರರಿಗೆ ಫಲಿತಾಂಶ ನೋಡಿ ಹಣ ಕೊಡುತ್ತಿದೆ. ಪಂಪು ನಡೆದ ದಿನಗಳಿಗೆ ಹಣ, ನಿಂತ ದಿನಗಳಿಗೆ ಇಲ್ಲ. ದಾನದ ಅಳತೆಗೋಲನ್ನು ಬದಲಿಸುವುದು ಎಂದರೆ ಇದೇ.

ನೀರಿನ ಶುದ್ಧತೆಯ ವಿಷಯದಲ್ಲೂ ಸಾಕ್ಷ್ಯ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ಮುಂದೆ ನೊಬೆಲ್ ಪಡೆದ ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು ಪಶ್ಚಿಮ ಕೀನ್ಯಾದಲ್ಲಿ ಒರತೆಗಳಿಗೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿ ಅಳೆದರು. ಒರತೆಯ ಬಳಿ ಮಲಿನತೆ ನೂರಕ್ಕೆ 66ರಷ್ಟು ಇಳಿಯಿತು, ಆದರೆ ಅದೇ ನೀರು ಕೊಡದಲ್ಲಿ ಮನೆ ತಲುಪುವ ಹೊತ್ತಿಗೆ ಆ ಲಾಭ ನೂರಕ್ಕೆ 24ಕ್ಕೆ ಕುಗ್ಗಿತ್ತು. ಹಾಗಿದ್ದರೂ ಮಕ್ಕಳ ಭೇದಿ ಸುಮಾರು ಕಾಲು ಭಾಗ ಕಡಿಮೆಯಾಯಿತು. ದಾರಿಯಲ್ಲಿ, ಮನೆಯಲ್ಲಿ ನೀರು ಮತ್ತೆ ಕೆಡುವುದನ್ನು ತಡೆಯಲು ಕ್ಲೋರಿನ್ ಬೇಕು. ಎವಿಡೆನ್ಸ್ ಆಕ್ಷನ್ ಸಂಸ್ಥೆ ಕೀನ್ಯಾ, ಉಗಾಂಡ, ಮಲಾವಿಗಳಲ್ಲಿ ನೀರಿನ ಮೂಲದ ಪಕ್ಕದಲ್ಲೇ ಕ್ಲೋರಿನ್ ಡಬ್ಬಿ ನಿಲ್ಲಿಸಿತು. ಕ್ಯಾನಿಗೆ ಒಂದು ಸಲ ತಿರುಪಿ ಅಳತೆಯ ಹನಿ ಬೀಳಿಸಿಕೊಂಡು ನೀರು ಹಿಡಿಯುವುದು. ಕುಡಿಯುವ ನೀರನ್ನು ಶುದ್ಧಿ ಮಾಡುವುದರಿಂದ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ಕಾಲು ಭಾಗ ತಗ್ಗಬಹುದು ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಕ್ರೇಮರ್ ತಂಡ ತೀರ್ಮಾನಿಸಿದೆ. ಆ ಡಬ್ಬಿಯನ್ನು ನಿಲ್ಲಿಸುವುದು ಒಂದು ದಿನದ ಕೆಲಸ. ಅದನ್ನು ತುಂಬುತ್ತಲೇ ಇರುವುದು ವರ್ಷಗಟ್ಟಲೆಯ ಕೆಲಸ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಣ ಕೂಡಿಸುವವರದೇ. ವಾಷರಿಗೆ, ಪೆಟ್ರೋಲಿಗೆ, ಮೆಕ್ಯಾನಿಕ್ಕಿನ ಸಂಬಳಕ್ಕೆ ಯಾರು ದಾನ ಕೊಡುತ್ತಾರೆ? ಬಾವಿಯ ಚಿತ್ರ ತೆಗೆದುಹಾಕಿದರೆ ಇರುವ ದಾನವೂ ನಿಂತೀತು ಎಂಬ ಅವರ ಭಯ ಹುಸಿಯಲ್ಲ. ಆದರೆ ಅನುಭವ ಬೇರೆ ಹೇಳುತ್ತದೆ. ಚಿತ್ರಕ್ಕೆ ಒದಗದ ಆ ಕ್ಲೋರಿನ್ ಡಬ್ಬಿಗಳಿಗೆ 2022ರಲ್ಲಿ, ದಾನದ ಪರಿಣಾಮವನ್ನು ತೂಗಿ ನೋಡುವ ಗಿವ್‌ವೆಲ್ ಸಂಸ್ಥೆಯ ಮೂಲಕ, ಅಂಕಿ ಅಂಶ ನೋಡಿಯೇ 6.47 ಕೋಟಿ ಡಾಲರ್‌ವರೆಗಿನ ನೆರವು ಮಂಜೂರಾಯಿತು. ಚಾರಿಟಿ ವಾಟರ್ ಕೂಡ 2012ರಲ್ಲಿ ಗೂಗಲ್ ಕೊಟ್ಟ 50 ಲಕ್ಷ ಡಾಲರನ್ನು ಪಂಪುಗಳು ನಡೆಯುತ್ತಿವೆಯೇ ಎಂದು ದೂರದಿಂದ ತಿಳಿಸುವ ಸಾಧನಗಳಿಗೆಂದೇ ಪಡೆಯಿತು, ತಿಂಗಳು ತಿಂಗಳು ಕೊಡುವ ದಾನಿಗಳ ಬಳಗವನ್ನೂ ಕಟ್ಟಿತು. ನಿಜ ಹೇಳಿದರೆ ದಾನಿ ಓಡಿಹೋಗುತ್ತಾನೆ ಎಂಬ ಗ್ರಹಿಕೆ ದಾನಿಯನ್ನು ಕೀಳಾಗಿ ಕಾಣುತ್ತದೆ. ನಮ್ಮ ನಾಡಿನ ಹಳೆಯ ದಾನಿಗಳಿಗೆ ಇದು ಹೊಸ ವಿಚಾರವಾಗಿರಲಿಲ್ಲ. ಕೆರೆ ಕಟ್ಟಿಸಿದ ಪುಣ್ಯವನ್ನು ಹೇಳುವ ಕರ್ನಾಟಕದ ಶಾಸನಗಳಲ್ಲಿ ಆ ಕೆರೆಯ ದುರಸ್ತಿಗಾಗಿ ಬಿತ್ತುವಟ್ಟವಾಗಿ, ಕೆರೆಗೊಡಗೆಯಾಗಿ ಭೂಮಿ ಬಿಟ್ಟ ದಾಖಲೆಗಳು ಮತ್ತೆ ಮತ್ತೆ ಸಿಗುತ್ತವೆ. ಕಟ್ಟೆ ಬಲಪಡಿಸುವ, ಹೂಳು ತೆಗೆಯುವ ಖರ್ಚು ಆ ಭೂಮಿಯ ಹುಟ್ಟುವಳಿಯಿಂದ ನಡೆಯಬೇಕೆಂಬುದು ಕಟ್ಟಿಸಿದವರ ಆಶಯ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಐದು ವರ್ಷ ನಡೆದು ಕೆಟ್ಟರೂ ಆ ಐದು ವರ್ಷ ನೀರು ಸಿಕ್ಕಿತಲ್ಲ, ಏನೂ ಇಲ್ಲದ್ದಕ್ಕಿಂತ ಅದು ಮೇಲಲ್ಲವೇ? ಐದು ವರ್ಷ ಭೇದಿಯಿಂದ ಉಳಿದ ಮಗುವಿನ ತಾಯಿಗೆ ಅದು ಮೇಲೇ. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಕೆಟ್ಟ ಪಂಪಿನ ಹಾನಿ ಬರೇ ಸೊನ್ನೆಯಲ್ಲ. ಹೊಸ ಪಂಪು ಬಂದಾಗ ಊರು ಹಳೆಯ ತೆರೆದ ಬಾವಿಯನ್ನು ಬಿಟ್ಟಿರುತ್ತದೆ, ಅದು ಹೂಳು ತುಂಬಿರುತ್ತದೆ. ವಂತಿಗೆ ಕೊಟ್ಟು ನೀರು ಕಾಣದವರು ಮುಂದಿನ ಸಲ ಕೊಡುವುದಿಲ್ಲ. ಸರ್ಕಾರದ ನಕ್ಷೆಯಲ್ಲಿ ಆ ಊರಿಗೆ ನೀರಾಗಿದೆ ಎಂದು ಗುರುತು ಬಿದ್ದಿರುತ್ತದೆ, ಹೊಸ ಯೋಜನೆ ಅಲ್ಲಿಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯ, ಹೋಲಿಕೆ ಮಾಡಬೇಕಾದ್ದು ನೀರಿಗೂ ನೀರಿಲ್ಲದ್ದಕ್ಕೂ ಅಲ್ಲ. ಅದೇ ಹಣದಲ್ಲಿ ಕೆಟ್ಟು ನಿಂತ ಹತ್ತು ಪಂಪುಗಳನ್ನು ಎಬ್ಬಿಸಿ ನಡೆಸುವುದಕ್ಕೂ ಹನ್ನೊಂದನೆಯದನ್ನು ಕೊರೆಸಿ ಬಿಟ್ಟುಬರುವುದಕ್ಕೂ ಹೋಲಿಕೆ. ಇಂದಿಗೂ ಒಂದು ಬಾವಿಯೂ ಇಲ್ಲದ ಊರುಗಳಿವೆ, ಅಲ್ಲಿ ಹೊಸದಾಗಿ ಕೊರೆಸಲೇಬೇಕು. ಕೊರೆಸುವಾಗಲೇ ಮುಂದಿನ ವರ್ಷಗಳ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಸರ್ಕಾರದ ಪ್ರಶ್ನೆ. ಮಿಸ್ಟರ್ ಬೀಸ್ಟ್ ವಿಡಿಯೊ ಬಂದಾಗ ಕೀನ್ಯಾದಲ್ಲೇ ಈ ಟೀಕೆ ಎದ್ದಿತ್ತು. ನೀರು ಕೊಡುವುದು ಸರ್ಕಾರದ ಕರ್ತವ್ಯ, ಹೊರಗಿನವರು ಬಂದು ಮಾಡಿದರೆ ಸರ್ಕಾರ ನುಣುಚಿಕೊಳ್ಳುತ್ತದೆ, ಆಫ್ರಿಕಾ ಎಂದರೆ ಭಿಕ್ಷೆಯ ಖಂಡ ಎಂಬ ಚಿತ್ರವೂ ಗಟ್ಟಿಯಾಗುತ್ತದೆ. ಈ ಟೀಕೆಯಲ್ಲಿ ಅಭಿಮಾನವೂ ಇದೆ, ವಿವೇಕವೂ ಇದೆ. ಕೀನ್ಯಾದ 2010ರ ಸಂವಿಧಾನ ಶುದ್ಧ ನೀರನ್ನು ಹಕ್ಕಾಗಿ ಬರೆದಿದೆ, ನೀರು ಪೂರೈಕೆಯ ಹೊಣೆ ಈಗ ಕೌಂಟಿ ಸರ್ಕಾರಗಳದ್ದು. ಹಾಗಾಗಿಯೇ ಬಿಡಿ ಬಾವಿಯ ದಾನ ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಅದು ಸರ್ಕಾರವನ್ನು ಜತೆಗೆ ಸೇರಿಸಿಕೊಳ್ಳದೆ ಪಕ್ಕಕ್ಕೆ ಸರಿದು ಹೋಗುತ್ತದೆ. ನಿರ್ವಹಣೆಯ ಗುತ್ತಿಗೆ ಹಾಗಲ್ಲ. ಎಲ್ಲಿ ಎಷ್ಟು ಪಂಪು, ಯಾವುದು ಎಷ್ಟು ದಿನ ನಿಂತಿತ್ತು, ತಲೆಗೆ ಎಷ್ಟು ಖರ್ಚು ಬಂತು ಎಂಬ ಪುಸ್ತಕ ಅದರಿಂದ ಸಿದ್ಧವಾಗುತ್ತದೆ. ಆ ಪುಸ್ತಕ ಹಿಡಿದುಕೊಂಡರೆ ಕೌಂಟಿ ತನ್ನ ಬಜೆಟ್ಟಿನಲ್ಲಿ ಎಷ್ಟು ಇಡಬೇಕು ಎಂದು ಜನ ಕೇಳಬಹುದು. ಮಧ್ಯ ಆಫ್ರಿಕಾ ಗಣರಾಜ್ಯದಂತೆ ಯುದ್ಧದಲ್ಲಿ ನಲುಗಿದ ಕಡೆ ಸರ್ಕಾರದ ದಾರಿ ಕಾಯುತ್ತ ಕೂರಲಾಗದು, ಅಲ್ಲಿ ದಾನವೇ ಕೆಲವು ಕಾಲ ಆ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಉಳಿದದ್ದು ಆಡಳಿತ ವೆಚ್ಚದ ಗುಮಾನಿ. ಕೊಟ್ಟ ಹಣದಲ್ಲಿ ನೂರಕ್ಕೆ ನೂರೂ ಬಾವಿಗೇ ಹೋಗಬೇಕು ಎಂಬುದು ದಾನಿಗಳ ಪ್ರಾಮಾಣಿಕ ಆಸೆ, ಹಲವು ಸಂಸ್ಥೆಗಳು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ನೀರಿನ ವಿಷಯದಲ್ಲಿ ಬೈಕಿನ ಪೆಟ್ರೋಲು, ಮೆಕ್ಯಾನಿಕ್ಕಿನ ಸಂಬಳ, ಫೋನು ಎತ್ತುವ ಹುಡುಗಿಯ ಸಂಬಳ, ಪ್ರಯೋಗಾಲಯದ ಶುಲ್ಕ ಇವೇ ನೀರು. ಇವನ್ನು ಆಡಳಿತ ವೆಚ್ಚದ ಖಾನೆಗೆ ಹಾಕಿ ಕಡಿಮೆ ಮಾಡಿದಷ್ಟೂ ಸಂಸ್ಥೆಯ ವರದಿ ಚೆನ್ನಾಗಿ ಕಾಣುತ್ತದೆ, ಊರಿನ ನಲ್ಲಿ ಒಣಗುತ್ತದೆ.

ಅಮೆರಿಕ, ಬ್ರಿಟನ್, ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರ ಮಕ್ಕಳು ಶಾಲೆಯ ಮೂಲಕ ಇಂಥ ನೀರಿನ ದೇಣಿಗೆ ಎತ್ತುವುದು ಈಗ ಸಾಮಾನ್ಯ. ಅಂಥ ಮನೆಗಳಲ್ಲಿ ಹಣ ಕಳಿಸುವ ಮುಂಚೆ ಸಂಸ್ಥೆಗೆ ಒಂದು ಪತ್ರ ಬರೆದು ಕೇಳಬಹುದು: ಐದು ವರ್ಷದ ಹಿಂದೆ ನೀವು ಹಾಕಿಸಿದ ಪಂಪುಗಳಲ್ಲಿ ಇಂದು ಎಷ್ಟು ನೀರು ಕೊಡುತ್ತಿವೆ? ಕೆಟ್ಟದ್ದು ಸರಾಸರಿ ಎಷ್ಟು ದಿನದಲ್ಲಿ ಸರಿಯಾಗುತ್ತದೆ? ಸರಿಮಾಡುವವರಿಗೆ ಸಂಬಳ ಯಾರು ಕೊಡುತ್ತಾರೆ? ಉತ್ತರವಾಗಿ ಅಂಕಿ ಕೊಡುವ ಸಂಸ್ಥೆಗಳಿವೆ. ಐಆರ್‌ಸಿಯ ಲೆಕ್ಕವನ್ನೇ ಹಿಡಿದರೆ ಆರು ಜನರ ಒಂದು ಮನೆಯ ನೀರನ್ನು ಒಂದು ವರ್ಷ ನಡೆಸಲು 18ರಿಂದ 36 ಡಾಲರ್ ಸಾಕು. 300 ಜನರ ಊರಿಗೆ ಕನಿಷ್ಠ ಬೆಲೆಯಲ್ಲಿ ಹೊಸ ಬಾವಿ ಹಾಕಿಸುವ 6,000 ಡಾಲರಿನಲ್ಲಿ, ಅದೇ ಗಾತ್ರದ ಪಕ್ಕದ ಊರಿನಲ್ಲಿ ಈಗಾಗಲೇ ಇರುವ ಪಂಪನ್ನು, ಊರಿನವರ ಶುಲ್ಕ ಒಂದು ಪೈಸೆಯೂ ಬರದಿದ್ದರೂ, ಕನಿಷ್ಠ ಖರ್ಚಿನ ಲೆಕ್ಕದಲ್ಲಿ ಆರು ವರ್ಷಕ್ಕಿಂತ ಹೆಚ್ಚು ಕಾಲ ನಡೆಸಬಹುದು.